ಹೊಸ ಕ್ವಾರ್ಟರ್‌ಬ್ಯಾಕ್‌ನ ಅಳೆಯೋಕೆ ಹೈಲೈಟ್ಸ್ ಸಾಲದು: ಆಲ್-22 ಪ್ಲ್ಯಾನ್ ಎರಡು ಸೀಸನ್ ಬಳಸಿದ ಮೇಲೆ

ಅಮೆರಿಕನ್ ಫುಟ್‌ಬಾಲ್ ನೋಡೋಕೆ ನಾನು ದುಡ್ಡು ಕಟ್ಟುವ ಸೇವೆಯಲ್ಲಿ ಎರಡು ಪ್ಲ್ಯಾನ್ ಇವೆ. ಸಣ್ಣದರಲ್ಲಿ ಪೂರ್ತಿ ಪಂದ್ಯ ಸಿಗುತ್ತದೆ, ಅದನ್ನೇ ಕತ್ತರಿಸಿ ಸುಮಾರು 40 ನಿಮಿಷಕ್ಕೆ ಇಳಿಸಿದ ವಿಡಿಯೊ ಸಿಗುತ್ತದೆ. ದೊಡ್ಡದರಲ್ಲಿ ಇವೆರಡರ ಜೊತೆಗೆ ಆಲ್-22 ಅನ್ನುವ ಫಿಲ್ಮ್ ಇದೆ. ಎರಡೂ ತಂಡದ 22 ಆಟಗಾರರು ಒಟ್ಟಿಗೆ ಕಾಣುವ ಹಾಗೆ ಎತ್ತರದಿಂದ ತೆಗೆದದ್ದು. ಕೋಚ್‌ಗಳು ವಾರವಿಡೀ ಕೂತು ನೋಡುವುದು ಇದನ್ನೇ. ಎರಡು ಸೀಸನ್ ನಾನು ದೊಡ್ಡ ಪ್ಲ್ಯಾನ್ ಬಳಸಿದ್ದೇನೆ, ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ: ಕಾಲೇಜಿನಿಂದ ಈಗಷ್ಟೇ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ನಿಜವಾಗಿ ಹೇಗೆ ಆಡುತ್ತಿದ್ದಾನೆ ಅಂತ ತಿಳಿಯೋಕೆ. ಆ ಕೆಲಸಕ್ಕೆ ಇದು ಎಷ್ಟು ಆಗಿಬರುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನೋದನ್ನ ಬರೆಯುತ್ತೇನೆ.

ದೊಡ್ಡ ಪ್ಲ್ಯಾನ್‌ಗೆ ಹೋಗಿದ್ದು ಒಂದು ತಪ್ಪು ತೀರ್ಪಿನಿಂದ. ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 2023ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಬ್ರೈಸ್ ಯಂಗ್, ಕ್ಯಾರೊಲೈನಾ ಪ್ಯಾಂಥರ್ಸ್‌ಗೆ. ಎರಡನೆಯದು ಸಿ.ಜೆ. ಸ್ಟ್ರೌಡ್, ಹ್ಯೂಸ್ಟನ್ ಟೆಕ್ಸನ್ಸ್‌ಗೆ. ಇಬ್ಬರೂ ಕ್ವಾರ್ಟರ್‌ಬ್ಯಾಕ್. ಅಕ್ಟೋಬರ್ 29ರಂದು ಇಬ್ಬರೂ ಎದುರುಬದುರಾದರು. ಅಲ್ಲಿಯವರೆಗೆ ಒಂದೂ ಗೆಲ್ಲದ ಪ್ಯಾಂಥರ್ಸ್ ಆವತ್ತು 15-13ರಿಂದ ಗೆದ್ದಿತು. ಸ್ಟ್ರೌಡ್ ಎಸೆದದ್ದು ಬರೀ 140 ಯಾರ್ಡ್, ಅಂದರೆ ಅವನ ಎಸೆತಗಳಿಂದ ತಂಡ ಮುಂದೆ ಹೋದದ್ದು ಅಷ್ಟೇ ದೂರ. "ನೋಡು, ಪ್ಯಾಂಥರ್ಸ್ ಆಯ್ಕೆನೇ ಸರಿ ಇತ್ತು" ಅಂತ ನನ್ನ ಗೆಳೆಯನಿಗೆ ಗಟ್ಟಿಯಾಗಿ ಹೇಳಿದೆ.

ಮುಂದಿನ ಭಾನುವಾರ, ನವೆಂಬರ್ 5ರಂದು, ಅದೇ ಸ್ಟ್ರೌಡ್ ಟ್ಯಾಂಪಾ ಬೇ ವಿರುದ್ಧ 470 ಯಾರ್ಡ್, 5 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ 6 ಅಂಕ) ಎಸೆದ. ಚೊಚ್ಚಲ ಸೀಸನ್‌ನ ಆಟಗಾರನೊಬ್ಬ ಒಂದು ಪಂದ್ಯದಲ್ಲಿ ಎಸೆದ ಯಾರ್ಡ್‌ಗಳ ದಾಖಲೆ ಅದು. ಆ್ಯಂಡ್ರೂ ಲಕ್ 2012ರಲ್ಲಿ ಮಾಡಿದ್ದ 433 ಹಿಂದೆ ಬಿತ್ತು. ಅದೇ ದಿನ ಯಂಗ್ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ 3 ಇಂಟರ್‌ಸೆಪ್ಶನ್ ಕೊಟ್ಟ, ಅಂದರೆ ಅವನ ಮೂರು ಎಸೆತ ಎದುರಾಳಿ ಕೈಗೆ ಹೋಯಿತು. ಅದರಲ್ಲಿ ಎರಡನ್ನು ಕೋಲ್ಟ್ಸ್‌ನ ಕೆನ್ನಿ ಮೂರ್ ಒಬ್ಬನೇ ಹಿಡಿದು, ಎರಡನ್ನೂ ಟಚ್‌ಡೌನ್‌ವರೆಗೆ ಓಡಿಸಿಕೊಂಡು ಹೋದ. ಗೆಳೆಯ ಫೋನ್ ಮಾಡಿ "ಈಗ ಏನಂತೀಯೋ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಎರಡು ವಾರವೂ ನಾನು ನೋಡಿದ್ದು ಸ್ಕೋರ್ ಮತ್ತು ನಾಲ್ಕೈದು ಹೈಲೈಟ್ಸ್ ಮಾತ್ರ. ಒಂದು ವಾರದಲ್ಲಿ ಹುಡುಗರು ಬದಲಾಗಿರೋಕೆ ಸಾಧ್ಯ ಇಲ್ಲ ಅಲ್ವಾ? ಹಾಗಾದ್ರೆ ಬದಲಾಗಿದ್ದು ಏನು? ಅದನ್ನ ಕಣ್ಣಾರೆ ನೋಡಬೇಕು ಅಂತಲೇ ಆವತ್ತು ರಾತ್ರಿ ದೊಡ್ಡ ಪ್ಲ್ಯಾನ್ ಹಾಕಿಸಿಕೊಂಡೆ.

ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ. ಸಾಲಿನ ನಡುವೆ ನಿಂತ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಒಂದು ಸೆಕೆಂಡಿಗೆ ರಿಸೀವರ್‌ಗಳು (ಎಸೆದ ಚೆಂಡು ಹಿಡಿಯುವವರು) ಪರದೆಯಿಂದ ಮಾಯ. ಆಮೇಲೆ ಕಾಣೋದು ಕ್ವಾರ್ಟರ್‌ಬ್ಯಾಕ್, ಅವನ ಸುತ್ತ ತಳ್ಳಾಡುವ ಹತ್ತು ದೈತ್ಯರು, ಅಷ್ಟೇ. ನಾಲ್ಕು ಸೆಕೆಂಡ್ ಚೆಂಡು ಹಿಡಿದುಕೊಂಡು ನಿಂತ, ಸ್ಯಾಕ್ ಆದ, ಅಂದರೆ ಎಸೆಯುವ ಮೊದಲೇ ಎದುರಾಳಿ ಅವನನ್ನು ಕೆಡವಿದ. ಮುಂದೆ ಯಾರೂ ಓಪನ್ ಇರಲಿಲ್ಲವೋ, ಓಪನ್ ಇದ್ದವನನ್ನು ಇವನೇ ನೋಡಲಿಲ್ಲವೋ? ಟಿವಿ ನೋಡಿ ಹೇಳೋಕೆ ಆಗಲ್ಲ. ಹೊಸಬನ ಬಗ್ಗೆ ಇರುವ ಮುಖ್ಯ ಪ್ರಶ್ನೆಯೇ ಇದು, ಅದಕ್ಕೆ ಉತ್ತರ ಪರದೆಯ ಹೊರಗೆ ಇರುತ್ತದೆ.

ಆಲ್-22ನಲ್ಲಿ ಪ್ರತಿ ಆಟವೂ (ಚೆಂಡು ಒಂದು ಸಲ ಹೊರಟು ನಿಲ್ಲುವವರೆಗಿನದು) ಎರಡು ಕೋನದಲ್ಲಿ ಬರುತ್ತದೆ. ಒಂದು ಪಕ್ಕದಿಂದ, ಇಡೀ ಮೈದಾನ ಕಾಣುವಂತೆ. ಇನ್ನೊಂದು ಎಂಡ್ ಝೋನ್, ಅಂದರೆ ಮೈದಾನದ ತುದಿಯ ಕಡೆಯಿಂದ. ಜಾಹೀರಾತು ಇಲ್ಲ, ಕಾಮೆಂಟರಿ ಇಲ್ಲ, ಜನರ ಸದ್ದೂ ಇಲ್ಲ. ಮೂರು ಗಂಟೆಗೂ ಮೀರಿ ನಡೆಯುವ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿ ಇರೋದು ಸುಮಾರು 11 ನಿಮಿಷ. ಹಾಗಾಗಿ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲ್ಲ. ಒಂದೊಂದು ಆಟವನ್ನು ನಾನು ಮೂರು ಸಲ ನೋಡುತ್ತೇನೆ. ಮೊದಲ ಸಲ ಲೈನ್ (ಕ್ವಾರ್ಟರ್‌ಬ್ಯಾಕ್‌ನ ಕಾಯುವ ಸಾಲು) ಮಾತ್ರ, ಎರಡನೇ ಸಲ ಎದುರಾಳಿ ತಂಡದಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಸೇಫ್ಟಿಗಳು, ಮೂರನೇ ಸಲ ಕ್ವಾರ್ಟರ್‌ಬ್ಯಾಕ್‌ನ ಕಾಲು. ಒಂದು ಪಂದ್ಯಕ್ಕೆ ಎರಡು ಗಂಟೆ ಸಲೀಸಾಗಿ ಹೋಗುತ್ತದೆ. ಅದು ನನಗೆ ವಾರದ ಅತಿ ಖುಷಿಯ ಎರಡು ಗಂಟೆ.

ಕಾಲು ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಕ್ವಾರ್ಟರ್‌ಬ್ಯಾಕ್ ಮೂರು ಅಥವಾ ಐದು ಹೆಜ್ಜೆ ಹಿಂದೆ ಸರಿಯುತ್ತಾನೆ. ಕೊನೆಯ ಹೆಜ್ಜೆಯಲ್ಲಿ ಹಿಂದಿನ ಪಾದ ನೆಲಕ್ಕೆ ಊರುತ್ತದೆ. ಎಲ್ಲ ಸರಿ ಇದ್ದರೆ, ಆ ಪಾದ ಊರಿದ ಹೊತ್ತಿಗೆ ಚೆಂಡು ಕೈಬಿಡಬೇಕು, ರಿಸೀವರ್ ಇನ್ನೂ ತಿರುಗಿರಬಾರದು. ಹೊಸಬರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪಾದ ಊರುತ್ತದೆ, ಕಣ್ಣು ನೋಡುತ್ತದೆ, ಕೈ ಮಾತ್ರ ಹೊರಡೋದಿಲ್ಲ. ರಿಸೀವರ್ ತಿರುಗಿದ್ದು ಖಾತ್ರಿ ಆದ ಮೇಲೆ ಎಸೆಯುತ್ತಾರೆ. ಆ ಅರ್ಧ ಸೆಕೆಂಡ್ ಕಾಲೇಜಿನಲ್ಲಿ ಅವರಿಗೆ ಸಿಗುತ್ತಿತ್ತು. ಇಲ್ಲಿ ಅಷ್ಟರಲ್ಲಿ ರಿಸೀವರ್‌ನ ಬೆನ್ನಟ್ಟುವ ಎದುರಾಳಿ ಕಾರ್ನರ್‌ಬ್ಯಾಕ್ ಮಧ್ಯೆ ಕೈ ಹಾಕಿರುತ್ತಾನೆ.

ಸ್ಟ್ರೌಡ್‌ನ ಫಿಲ್ಮ್ ಹಾಕಿದ ಮೊದಲ ಅರ್ಧ ಗಂಟೆಯಲ್ಲೇ ಇದು ಕಣ್ಣಿಗೆ ಬಿತ್ತು. ಅವನ ಕೈ ಹೊರಡುತ್ತಿತ್ತು. ನಡುವಿನ ಸೇಫ್ಟಿಯನ್ನು ಒಂದು ಕಡೆ ನೋಡಿ ಹಿಡಿದಿಟ್ಟು, ಪಾದ ಊರುತ್ತಿದ್ದ ಹಾಗೇ ಇನ್ನೊಂದು ಕಡೆಗೆ ಎಸೆಯುತ್ತಿದ್ದ. ಲೀಗ್‌ಗೆ ಬಂದ ಮೇಲೆ ಮೊದಲ 190ಕ್ಕೂ ಹೆಚ್ಚು ಎಸೆತದಲ್ಲಿ ಒಂದೂ ಇಂಟರ್‌ಸೆಪ್ಶನ್ ಆಗಲಿಲ್ಲ. ಅದಕ್ಕೆ ಮುಂಚೆ ಡ್ಯಾಕ್ ಪ್ರೆಸ್ಕಾಟ್‌ನ 176 ದಾಖಲೆಯಾಗಿತ್ತು. ಇದನ್ನ ಅದೃಷ್ಟ ಅಂತ ಬರೆದವರನ್ನೂ ನೋಡಿದ್ದೇನೆ. ಫಿಲ್ಮ್ ನೋಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ಟ್ಯಾಂಪಾ ಪಂದ್ಯದ ಕೊನೆಯಲ್ಲಿ 46 ಸೆಕೆಂಡ್ ಉಳಿದಿತ್ತು, 75 ಯಾರ್ಡ್ ಹೋಗಬೇಕಿತ್ತು, ನಾಲ್ಕು ಅಂಕ ಹಿಂದೆ ಇದ್ದರು. ಕಿಕ್ಕರ್ ಬೇರೆ ಗಾಯಗೊಂಡಿದ್ದ. ಆವತ್ತು ಒಂದು ಫೀಲ್ಡ್ ಗೋಲನ್ನು (ಕಂಬಗಳ ನಡುವೆ ಒದ್ದು ಪಡೆಯುವ 3 ಅಂಕ) ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಡೇರ್ ಒಗುನ್‌ಬೊವಾಲೆಯೇ ಒದ್ದಿದ್ದ. 6 ಸೆಕೆಂಡ್ ಇರುವಾಗ ರಿಸೀವರ್ ಟ್ಯಾಂಕ್ ಡೆಲ್‌ಗೆ ಕೊಟ್ಟ 15 ಯಾರ್ಡ್ ಟಚ್‌ಡೌನ್‌ನಿಂದ 39-37 ಗೆಲುವು. ಆ ಕೊನೆಯ ದಾಳಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಆ ಗಡಿಬಿಡಿಯಲ್ಲೂ ಅವನ ಹೆಜ್ಜೆ ಮೊದಲ ಕ್ವಾರ್ಟರ್‌ನಲ್ಲಿ ಹೇಗಿತ್ತೋ ಹಾಗೇ ಇತ್ತು. ನೋಡ್ತಾ ನೋಡ್ತಾ ಮೈ ಜುಂ ಅಂದಿತು.

ಯಂಗ್‌ನ ಫಿಲ್ಮ್ ನೋಡೋದು ಕಷ್ಟ. ನಿಜವಾಗಿ ಬೇಜಾರಾಗುತ್ತದೆ. ಆ ಸೀಸನ್‌ನಲ್ಲಿ 62 ಸಲ ಸ್ಯಾಕ್ ಆದ, ತಂಡ 2 ಗೆದ್ದು 15 ಸೋತಿತು, 11 ಪಂದ್ಯ ಆದ ಮೇಲೆ ಕೋಚ್ ಫ್ರಾಂಕ್ ರೈಕ್‌ನನ್ನೇ ತೆಗೆದರು. ಟಿವಿಯಲ್ಲಿ ನೋಡಿದವರಿಗೆ ಹುಡುಗ ಹೆದರಿ ಹಿಂದಕ್ಕೆ ಓಡುತ್ತಿದ್ದಾನೆ ಅನ್ನಿಸುತ್ತಿತ್ತು. ಎಂಡ್ ಝೋನ್ ಕೋನದಿಂದ ನೋಡಿದರೆ ಬೇರೆಯೇ ಕಥೆ. ಲೈನ್‌ನಲ್ಲಿ ಸೆಂಟರ್‌ನ ಅಕ್ಕಪಕ್ಕ ನಿಲ್ಲುವ ಗಾರ್ಡ್‌ಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡು, ಆ ಜಾಗದಲ್ಲಿ ಸೀಸನ್ ಪೂರ್ತಿ ಬೇರೆ ಬೇರೆಯವರು ನಿಂತರು. ಅವನ ಪಾದ ಊರುವ ಮೊದಲೇ ಮುಂದಿನ ಗೋಡೆ ಅವನ ಎದೆಗೆ ಬಂದು ಬೀಳುತ್ತಿತ್ತು. ಅವನು ಎತ್ತರದಲ್ಲಿ 5 ಅಡಿ 10 ಇಂಚು. ಪಕ್ಕದಿಂದ ಒತ್ತಡ ಬಂದರೆ ಮುಂದಕ್ಕೆ ಸರಿದು ಎಸೆಯಬಹುದು, ಎದುರಿನಿಂದಲೇ ಬಂದರೆ ಅಷ್ಟು ಎತ್ತರದವನಿಗೆ ಮುಂದೆ ಏನೂ ಕಾಣೋದಿಲ್ಲ.

ಪಕ್ಕದ ಕೋನದಿಂದ ಇನ್ನೊಂದು ತಿಳಿಯಿತು. ಯಂಗ್‌ನನ್ನು ಪಡೆಯೋಕೆ ಪ್ಯಾಂಥರ್ಸ್ ಷಿಕಾಗೊ ಬೇರ್ಸ್‌ಗೆ ಡ್ರಾಫ್ಟ್ ಆಯ್ಕೆಗಳ ಜೊತೆ ತಮ್ಮ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್‌ನನ್ನೂ ಕೊಟ್ಟಿದ್ದರು. ಉಳಿದವರಲ್ಲಿ ಅವನಿಗೆ ನಂಬಿಕೆಯಿಂದ ಸಿಕ್ಕಿದ್ದು 33 ವರ್ಷದ ಆ್ಯಡಮ್ ಥೀಲೆನ್ ಒಬ್ಬನೇ, 1,014 ಯಾರ್ಡ್. ಎರಡನೆಯವನದು ಅದರ ಅರ್ಧದಷ್ಟು. ವೇಗವಾಗಿ ದೂರಕ್ಕೆ ಓಡಿಹೋಗಿ ಹೆದರಿಸುವವರು ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಎದುರಾಳಿ ಸೇಫ್ಟಿಗಳು ಆರಾಮಾಗಿ ಮುಂದಕ್ಕೆ ಬಂದು ನಿಲ್ಲುತ್ತಿದ್ದರು. ಆ ಇಕ್ಕಟ್ಟು ಟಿವಿಯಲ್ಲಿ ಕಾಣಲ್ಲ, ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಹಾಗಂತ ಎಲ್ಲ ತಪ್ಪನ್ನೂ ಲೈನ್ ಮೇಲೆ ಹಾಕೋಕೆ ಬರಲ್ಲ. ಸ್ಟ್ರೌಡ್‌ನ ಲೈನ್ ಕೂಡ ಶುರುವಿನಲ್ಲಿ ಗಾಯಗಳಿಂದ ಹರಿದುಹೋಗಿತ್ತು. ಮೊದಲ ಎರಡು ಪಂದ್ಯದಲ್ಲೇ ಅವನು 11 ಸಲ ಸ್ಯಾಕ್ ಆದ. ಎರಡನೆಯದು ಕೋಲ್ಟ್ಸ್ ವಿರುದ್ಧದ್ದು, ಸೋತ ಪಂದ್ಯ. ಅದರಲ್ಲೇ ಅವನು 384 ಯಾರ್ಡ್ ಎಸೆದ, ಇಂಟರ್‌ಸೆಪ್ಶನ್ ಸೊನ್ನೆ. ಇದು ಗೊತ್ತಾದಾಗ ನನಗೆ ತಲೆ ಕೆಟ್ಟುಹೋಯಿತು, ಏಕೆಂದರೆ ಅಷ್ಟು ಹೊತ್ತು ಕೂತು ಯಂಗ್ ಪರವಾಗಿ ಕಟ್ಟಿಕೊಂಡಿದ್ದ ವಾದ ಅಲ್ಲಿಗೇ ಅಲುಗಾಡಿತು. ಮತ್ತೆ ಎರಡೂ ಫಿಲ್ಮ್ ಅಕ್ಕಪಕ್ಕ ಇಟ್ಟು ನೋಡಿದೆ. ಹ್ಯೂಸ್ಟನ್‌ನಲ್ಲಿ ಆಟ ಹೆಣೆದಿದ್ದೇ ಬೇರೆ ರೀತಿ. ಚೆಂಡು ಹಿಡಿದು ಓಡುವ ಹಾಗೆ ತೋರಿಸಿ ಎದುರಾಳಿಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳನ್ನು ಮುಂದಕ್ಕೆ ಎಳೆದು, ಅವರ ಬೆನ್ನ ಹಿಂದೆ ಒಬ್ಬನನ್ನು ನುಗ್ಗಿಸುತ್ತಿದ್ದರು. ಹೊಸಬನಿಗೆ ಎಲ್ಲಿ ನೋಡಬೇಕು ಅನ್ನೋದು ಮೊದಲೇ ಗೊತ್ತಿರುತ್ತಿತ್ತು. ಕ್ಯಾರೊಲೈನಾದಲ್ಲಿ ಹುಡುಗ ತಾನೇ ಹುಡುಕಿಕೊಳ್ಳಬೇಕಿತ್ತು. ಆದರೂ ಯಂಗ್ ಚೆಂಡು ಹಿಡಿದಿಟ್ಟುಕೊಂಡು ತಾನೇ ಕೆಡಿಸಿದ ಆಟಗಳೂ ಬೇಕಾದಷ್ಟಿವೆ. ಪಾದ ಊರಿದೆ, ಗೋಡೆ ನಿಂತಿದೆ, ಥೀಲೆನ್ ತಿರುಗಿದ್ದಾನೆ, ಚೆಂಡು ಮಾತ್ರ ಕೈಯಲ್ಲೇ. ಅಂಥದ್ದನ್ನು ನೋಡಿದಾಗ ಅದು ಅವನದ್ದೇ ತಪ್ಪು ಅಂತ ಹೇಳಲೇಬೇಕು. ನನ್ನ ಅಂದಾಜಿನಲ್ಲಿ ಆ ವರ್ಷ ಅವನನ್ನ ಕೆಡಿಸಿದ್ದು ಮೊದಲು ಲೈನ್. ಹೊಡೆತ ತಿಂದು ತಿಂದು, ಗೋಡೆ ನಿಂತಾಗಲೂ ಅದನ್ನ ನಂಬದ ಅಭ್ಯಾಸ ಅವನಿಗೆ ಆಮೇಲೆ ಬಂತು.

ಇದೇ ಸೇವೆಯಲ್ಲಿ ಅಂಕಿ ಅಂಶಗಳ ಪುಟವೂ ಇದೆ. ಅದರ ಬಗ್ಗೆ ನನಗೆ ಸಮಾಧಾನ ಇಲ್ಲ. ಎಲ್ಲಕ್ಕಿಂತ ಮೇಲೆ ಒಟ್ಟು ಯಾರ್ಡ್ ಮತ್ತು ಪಾಸರ್ ರೇಟಿಂಗ್ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಪಾಸರ್ ರೇಟಿಂಗ್ ಅಂದರೆ ಗರಿಷ್ಠ 158.3 ಬರುವ ಹಳೆಯ ಲೆಕ್ಕ, ಅದರಲ್ಲಿ ಸ್ಯಾಕ್‌ಗೆ ಜಾಗವೇ ಇಲ್ಲ. ಯಂಗ್‌ನ 62 ಸ್ಯಾಕ್ ಆ ಸಂಖ್ಯೆಯೊಳಗೆ ಎಲ್ಲೂ ಕಾಣಲ್ಲ. ಒಂದೇ ಸಂಖ್ಯೆ ನೋಡ್ತೀನಿ ಅನ್ನುವವರು ಒಂದು ಎಸೆತಕ್ಕೆ ಎಷ್ಟು ಯಾರ್ಡ್ ಅಂತ ತಾವೇ ಭಾಗಿಸಿ ನೋಡಿ. ಸ್ಟ್ರೌಡ್ 499 ಎಸೆತಕ್ಕೆ 4,108 ಯಾರ್ಡ್, ಅಂದರೆ 8.2. ಯಂಗ್ 527 ಎಸೆತಕ್ಕೆ 2,877, ಅಂದರೆ 5.5. ಯಂಗ್ ಜಾಸ್ತಿ ಎಸೆದಿದ್ದಾನೆ, ಸಿಕ್ಕಿದ್ದು ತೀರಾ ಕಡಿಮೆ. ಇಂಟರ್‌ಸೆಪ್ಶನ್ ಲೆಕ್ಕ ಇನ್ನೂ ಮೋಸ ಮಾಡುತ್ತದೆ. ರಿಸೀವರ್‌ನ ಕೈಗೆ ಬಡಿದು ಮೇಲೆ ಹಾರಿದ ಚೆಂಡೂ ಎಸೆದವನ ಖಾತೆಗೇ ಹೋಗುತ್ತದೆ.

40 ನಿಮಿಷದ ವಿಡಿಯೊ ಬಗ್ಗೆ ಎರಡು ಮಾತು. ಪಂದ್ಯ ಸುಮ್ನೆ ನೋಡಿ ಖುಷಿಪಡೋಕೆ ಅದು ಬಹಳ ಚೆನ್ನಾಗಿದೆ. ಹೊಸಬನ ಪರೀಕ್ಷೆಗೆ ಸಾಲದು. ಒಂದು ಆಟ ಮುಗಿದ ತಕ್ಷಣ ಮುಂದಿನ ಸ್ನ್ಯಾಪ್‌ಗೆ, ಅಂದರೆ ಸೆಂಟರ್ ಚೆಂಡು ಹಿಂದಕ್ಕೆ ಕೊಡುವ ಕ್ಷಣಕ್ಕೆ, ಜಿಗಿಯುತ್ತದೆ. ನಡುವೆ ಹುಡುಗ ಲೈನ್ ಹತ್ತಿರ ಬಂದು ಯಾರಿಗೆ ಏನು ಕೈತೋರಿಸಿದ, ಬ್ಲಿಟ್ಜ್ (ಹೆಚ್ಚು ಎದುರಾಳಿಗಳು ಒಟ್ಟಿಗೆ ತನ್ನ ಮೇಲೆ ನುಗ್ಗುವುದು) ಬರುತ್ತೆ ಅಂತ ಗೊತ್ತಾಗಿ ರಕ್ಷಣೆ ಬದಲಿಸಿದನೇ, ಇಲ್ಲ ಸೆಂಟರ್ ಹೇಳಿದ್ದಕ್ಕೆ ತಲೆಯಾಡಿಸಿದನೇ, ಅದೆಲ್ಲ ಕತ್ತರಿಗೆ ಬಲಿ. ಇದನ್ನ ನೋಡೋಕೆ ಪೂರ್ತಿ ಪಂದ್ಯವನ್ನೇ ಹಾಕಬೇಕು.

ಇನ್ನು ಆಲ್-22ನ ಕೊರತೆಗಳು. ಫಿಲ್ಮ್ ಪಂದ್ಯ ಮುಗಿದ ದಿನವೇ ಬರಲ್ಲ. ಬರುವಷ್ಟರಲ್ಲಿ ಎಲ್ಲರೂ ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಒಬ್ಬ ಆಟಗಾರನ ಎಸೆತಗಳನ್ನಷ್ಟೇ ಆರಿಸಿ ನೋಡುವ ಸೌಲಭ್ಯ ಇಲ್ಲ. ಬೆರಳಲ್ಲಿ ಪಟ್ಟಿ ಎಳೆದು ಎಳೆದು ಹುಡುಕಬೇಕು. ಸ್ಕೋರ್ ಮುಚ್ಚಿಡುವ ಬಟನ್ ಒತ್ತಿದರೂ ನನ್ನ ಫೋನಿಗೆ ಫಲಿತಾಂಶದ ನೋಟಿಫಿಕೇಶನ್ ಬಂದೇ ಬರುತ್ತಿತ್ತು. ಎರಡು ಸಲ ದೂರು ಬರೆದೆ, ಎರಡು ಸಲವೂ ಒಂದೇ ಸಿದ್ಧ ಉತ್ತರ ಬಂತು. ಕೊನೆಗೆ ನಾನೇ ಎಲ್ಲ ನೋಟಿಫಿಕೇಶನ್ ಆಫ್ ಮಾಡಿದೆ.

ಇವೆಲ್ಲ ಸಹಿಸಬಹುದು. ದೊಡ್ಡ ಕೊರತೆ ಫಿಲ್ಮ್‌ನ ಒಳಗೇ ಇದೆ, ಅದಕ್ಕೆ ಈ ಸೇವೆಯನ್ನು ಬೈದು ಪ್ರಯೋಜನ ಇಲ್ಲ. ಕೋಚ್ ಆಡಲು ಹೇಳಿದ ಆಟ ಯಾವುದು ಅಂತ ನಮಗೆ ಕೇಳಿಸಲ್ಲ. ಚೆಂಡು ಖಾಲಿ ಜಾಗಕ್ಕೆ ಹೋಗಿ ಎದುರಾಳಿ ಕೈಗೆ ಬಿತ್ತು ಅಂದುಕೊಳ್ಳಿ. ಹುಡುಗ ತಪ್ಪು ಎಸೆದನೋ, ಎಡಕ್ಕೆ ತಿರುಗಬೇಕಿದ್ದ ರಿಸೀವರ್ ಬಲಕ್ಕೆ ತಿರುಗಿದನೋ? ತಂಡದ ಒಳಗಿನವರಿಗೆ ಗೊತ್ತು, ನಮಗೆ ಇಲ್ಲ. ಅಂಥ ಕಡೆ ನಾನು ಯಾರ ಖಾತೆಗೂ ಬರೆಯಲ್ಲ. ಒಂದೇ ಬಗೆಯ ತಪ್ಪು ಮೂರನೇ ಪಂದ್ಯದಲ್ಲೂ, ಒಂಬತ್ತನೇ ಪಂದ್ಯದಲ್ಲೂ, ಹದಿನೈದನೆಯದರಲ್ಲೂ ಕಂಡರೆ ಆಗ ಅದು ಹುಡುಗನದ್ದು. ಅದಕ್ಕೇ ನಾಲ್ಕು ಪಂದ್ಯದ ಫಿಲ್ಮ್ ನೋಡದೆ ನಾನೀಗ ಯಾರ ಬಗ್ಗೆಯೂ ಬಾಯಿ ಬಿಡೋದಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ. ಈ ಆಟದ ಮಟ್ಟಿಗೆ ನಾನು ಆ ಮಾತು ಒಪ್ಪಲ್ಲ. ಪೇಟನ್ ಮ್ಯಾನಿಂಗ್ 1998ರಲ್ಲಿ ಮೊದಲ ಸೀಸನ್‌ನಲ್ಲೇ 28 ಇಂಟರ್‌ಸೆಪ್ಶನ್ ಕೊಟ್ಟ, ತಂಡ ಗೆದ್ದಿದ್ದು 3 ಪಂದ್ಯ. ಮರುವರ್ಷ ಗೆದ್ದಿದ್ದು 13. ಟ್ರಾಯ್ ಏಕ್‌ಮನ್ 1989ರಲ್ಲಿ ಶುರು ಮಾಡಿದ 11 ಪಂದ್ಯದಲ್ಲಿ ಹನ್ನೊಂದನ್ನೂ ಸೋತ, ಆಮೇಲೆ ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ. ಇನ್ನೊಂದು ಕಡೆ ರಾಬರ್ಟ್ ಗ್ರಿಫಿನ್ 2012ರಲ್ಲಿ ವರ್ಷದ ಹೊಸಬ ಅಂತ ಪ್ರಶಸ್ತಿ ಪಡೆದ, ಮಂಡಿ ಪೆಟ್ಟಾದ ಮೇಲೆ ಆ ಆಟ ಮತ್ತೆ ಬರಲೇ ಇಲ್ಲ.

ಸ್ಟ್ರೌಡ್, ಯಂಗ್ ಇಬ್ಬರ ಕಥೆಯೂ ಮುಂದಿನ ವರ್ಷ ಹಾಗೇ ತಿರುಗಿತು. 2024ರಲ್ಲಿ ಸ್ಟ್ರೌಡ್ 52 ಸಲ ಸ್ಯಾಕ್ ಆದ, ಇಂಟರ್‌ಸೆಪ್ಶನ್ 5ರಿಂದ 12ಕ್ಕೆ ಏರಿತು. ಹಿಂದಿನ ವರ್ಷ ಅಟ್ಟಕ್ಕೇರಿಸಿದವರೇ ಕೆಳಗಿಳಿಸಿದರು. ಫಿಲ್ಮ್‌ನಲ್ಲಿ ಅವನ ಕಣ್ಣು ಅದೇ ಕಣ್ಣು, ಕಾಲು ಮಾತ್ರ ಬೇರೆ. ನಡುವಿನ ಗೋಡೆ ಬೀಳುತ್ತೆ ಅಂತ ಮೊದಲೇ ಹಿಂದಕ್ಕೆ ಜಾರುತ್ತಿದ್ದ. 2023ರಲ್ಲಿ ಯಂಗ್ ಮಾಡುತ್ತಿದ್ದದ್ದೂ ಇದನ್ನೇ. ಆ ಯಂಗ್‌ನನ್ನು 2024ರಲ್ಲಿ ಎರಡೇ ಪಂದ್ಯಕ್ಕೆ ಕೂರಿಸಿಬಿಟ್ಟರು, ಟಚ್‌ಡೌನ್ ಪಾಸ್ ಒಂದೂ ಇಲ್ಲ, ಇಂಟರ್‌ಸೆಪ್ಶನ್ 3. ಕೆಲವು ವಾರ ಆ್ಯಂಡಿ ಡಾಲ್ಟನ್ ಆಡೋದನ್ನು ಬದಿಯಲ್ಲಿ ನಿಂತು ನೋಡಿ, ವಾಪಸ್ ಬಂದ ಮೇಲೆ 15 ಟಚ್‌ಡೌನ್ ಪಾಸ್, 6 ಇಂಟರ್‌ಸೆಪ್ಶನ್. ಕೊನೆಯ ಪಂದ್ಯದಲ್ಲಿ ಅಟ್ಲಾಂಟಾ ವಿರುದ್ಧ ಮೂರು ಟಚ್‌ಡೌನ್ ಎಸೆದು, ಎರಡು ತಾನೇ ಓಡಿ, ಹೆಚ್ಚುವರಿ ಸಮಯದಲ್ಲಿ 44-38ರಿಂದ ಗೆಲ್ಲಿಸಿದ. ಅಷ್ಟರಲ್ಲಿ ತಂಡಕ್ಕೆ ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಅಂತ ಇಬ್ಬರು ಹೊಸ ಗಾರ್ಡ್‌ಗಳು, ಡೇವ್ ಕನಾಲೆಸ್ ಅಂತ ಹೊಸ ಕೋಚ್ ಬಂದಿದ್ದರು. ಆ ಪಂದ್ಯದ ಫಿಲ್ಮ್‌ನಲ್ಲಿ ಹಿಂದಿನ ಪಾದ ಊರುತ್ತದೆ, ಕೈ ಹೊರಡುತ್ತದೆ. ಅದನ್ನ ನೋಡಿ ನನಗೆ ಆದ ಸಂತೋಷ ನನ್ನದೇ ತಂಡ ಗೆದ್ದಷ್ಟು.

2024ರ ಹೊಸಬರಲ್ಲಿ ಜೇಡನ್ ಡೇನಿಯಲ್ಸ್ ಬಗ್ಗೆ ಎಲ್ಲರಿಗೂ ಗೊತ್ತು, ವಾಷಿಂಗ್ಟನ್ ಅವನ ಜೊತೆ 12 ಪಂದ್ಯ ಗೆದ್ದಿತು. ನನಗೆ ಮರುಕ ಇರೋದು ಕೇಲೆಬ್ ವಿಲಿಯಮ್ಸ್ ಬಗ್ಗೆ. ಯಂಗ್‌ಗಾಗಿ ಪ್ಯಾಂಥರ್ಸ್ ಬಿಟ್ಟುಕೊಟ್ಟ ಆಯ್ಕೆಯಿಂದಲೇ ಬೇರ್ಸ್‌ಗೆ ಸಿಕ್ಕ ಹುಡುಗ. ಮೊದಲ ವರ್ಷವೇ ಯಾವ ಆಟ ಆಡಬೇಕು ಅಂತ ಹೇಳುವ ಕೋಚ್‌ನನ್ನು ತೆಗೆದರು, ಆಮೇಲೆ ಮುಖ್ಯ ಕೋಚ್‌ನನ್ನೂ ತೆಗೆದರು, ಇವನು 68 ಸಲ ಸ್ಯಾಕ್ ಆದ. ಅಷ್ಟಾದರೂ ಇಂಟರ್‌ಸೆಪ್ಶನ್ ಬರೀ 6. ತಂಡ 12 ಸೋತಿದ್ದನ್ನು ನೋಡಿ ಅವನನ್ನು ಬದಿಗೆ ಸರಿಸಿದವರು ದಯವಿಟ್ಟು ಫಿಲ್ಮ್ ನೋಡಿ.

ಯಾರಿಗೆ ಬೇಕು ಈ ಪ್ಲ್ಯಾನ್? ಭಾನುವಾರ ಪಂದ್ಯ ನೋಡಿ ಸೋಮವಾರ ಮರೆಯುವವರಿಗೆ ಸಣ್ಣದೇ ಸಾಕು. ನಿಮ್ಮ ತಂಡಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್ ಬಂದಿದ್ದರೆ, ಅವನ ಬಗ್ಗೆ ದಿನಾ ಯಾರ ಜೊತೆಗಾದರೂ ವಾದ ಆಗುತ್ತಿದ್ದರೆ ದೊಡ್ಡದು ತಗೊಳ್ಳಿ. 5ಕ್ಕೆ 4 ಕೊಡುತ್ತೇನೆ. ಆಟಗಾರನ ಹೆಸರಿಂದ ಹುಡುಕುವ ಸೌಲಭ್ಯ ಇದ್ದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ತಗೊಂಡ ಮೇಲೆ ಮೊದಲು 470 ಯಾರ್ಡ್‌ನ ಪಂದ್ಯ ಹಾಕಬೇಡಿ. 2023ರ ಎರಡನೇ ವಾರದ ಕೋಲ್ಟ್ಸ್-ಟೆಕ್ಸನ್ಸ್ ಪಂದ್ಯ ಹಾಕಿ, ಎಂಡ್ ಝೋನ್ ಕೋನ ಆರಿಸಿ, ಚೆಂಡು ಎಲ್ಲಿ ಹೋಯಿತು ಅಂತ ನೋಡದೆ ಸ್ಟ್ರೌಡ್‌ನ ಹಿಂದಿನ ಪಾದ ಒಂದನ್ನೇ ನೋಡಿ.